ಪ್ರಾಜೆಕ್ಟು ಮಗನದ್ದೋ, ಅಪ್ಪನದ್ದೋ?

ಮೊನ್ನೆ ಭಾನುವಾರ ರಾತ್ರಿ ಹತ್ತು ಗಂಟೆಗೆ ಪಕ್ಕದ ಫ್ಲ್ಯಾಟಿನವರು ಬಂದು ಫೆವಿಕಾಲ್ ಕೇಳಿದರು. ಮಗನ ಸೈನ್ಸ್ ಪ್ರಾಜೆಕ್ಟು ಬೆಳಿಗ್ಗೆಯೇ ಕೊಡಬೇಕಂತೆ. ಡಬ್ಬಿ ಹಿಡಿದು ನಾನೂ ಹೋದೆ. ಅಮ್ಮ ಬಣ್ಣ ಬಳಿಯುತ್ತಿದ್ದರು, ಅಜ್ಜಿ ಹತ್ತಿ ಹಿಂಜಿ ಮೋಡ ಮಾಡುತ್ತಿದ್ದರು. ಹುಡುಗ ಮಾತ್ರ ಸೋಫಾ ಮೇಲೆ ಗಾಢ ನಿದ್ದೆಯಲ್ಲಿದ್ದ! ಪ್ರಾಜೆಕ್ಟಿನ ಹೆಸರು: ನನ್ನ ಹೊಸ ಐಡಿಯಾ.

ನಗೋ ಹಕ್ಕು ನನಗಿಲ್ಲ ಬಿಡಿ. 2009ರಲ್ಲಿ ಆರನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಐಸ್‌ಕ್ರೀಮ್ ಕಡ್ಡಿಗಳಿಂದ ಗಾಳಿಯಂತ್ರ ಮಾಡಿದ್ದಳು. ತಿರುಗುತ್ತಿತ್ತು, ಆದರೆ ಕೆಳಗಿನ ಚೌಕಟ್ಟು ಒಂದು ಕಡೆ ವಾಲುತ್ತಿತ್ತು. "ಇದಕ್ಕೆ ಯಾರು ಮಾರ್ಕ್ಸ್ ಕೊಡ್ತಾರೆ?" ಅಂತ ಸ್ಟೇಷನ್ ಹೊರಗಿನ ಅಂಗಡಿಯಿಂದ ರೆಡಿಮೇಡ್ ಜ್ವಾಲಾಮುಖಿ ತಂದುಕೊಟ್ಟೆ. ಫಸ್ಟ್ ಪ್ರೈಜ್ ಬಂತು. ಸರ್ಟಿಫಿಕೇಟನ್ನು ನನ್ನ ಕೈಗಿಟ್ಟು "ಇದು ನಿಮ್ದು ಅಪ್ಪಾ" ಅಂದಳು. ಆಮೇಲೆ ಅವಳಾಗಿ ಏನನ್ನಾದರೂ ಮಾಡಿದ್ದು ನಾನು ನೋಡಲೇ ಇಲ್ಲ.

ಈಗ ಎಲ್ಲೆಲ್ಲೂ ಸೃಜನಶೀಲತೆಯ ಮಂತ್ರ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಅದೇ ಮಾತು. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ, 3ಡಿ ಪ್ರಿಂಟರು, ರೋಬಾಟ್ ಕಿಟ್ಟು. ಬೇಡ ಅನ್ನೋಲ್ಲ. ಆದರೆ ವಾಲುವ ಗಾಳಿಯಂತ್ರಕ್ಕೆ ಶಾಲೆಯಲ್ಲೂ ಮನೆಯಲ್ಲೂ ಜಾಗವಿಲ್ಲದಿದ್ದರೆ ಪ್ರಿಂಟರು ಏನು ಮಾಡೀತು?

ನಮ್ಮ ಪಕ್ಕದ ಪುಣೆಯಲ್ಲೇ ಕೆಲಸ ಮಾಡಿದ ಅರವಿಂದ ಗುಪ್ತಾ ಇದ್ದಾರಲ್ಲ, ಐಐಟಿ ಕಾನ್ಪುರದಲ್ಲಿ ಓದಿ ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸಿದವರು, 2018ರಲ್ಲಿ ಪದ್ಮಶ್ರೀ ಬಂತು. ಅವರ ಸಾಮಾನು ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬು. ಕಡ್ಡಿ ಸಿಕ್ಕಿಸಿ ಚೌಕ ಮಾಡಿ ಒತ್ತಿದರೆ ವಾಲುತ್ತದೆ. ತ್ರಿಕೋನ ಮಾಡಿ, ಅಲುಗೋದಿಲ್ಲ. ಸೇತುವೆ, ಟವರುಗಳಲ್ಲಿ ಓರೆ ಪಟ್ಟಿ ಯಾಕಿರುತ್ತೆ ಅನ್ನೋದು ಅಷ್ಟರಲ್ಲೇ ತಿಳೀತು. ಇದನ್ನು ಓದಿದ ದಿನ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಇನ್ನೆರಡು ದಿನ ಬಿಟ್ಟಿದ್ದರೆ ನನ್ನ ಮಗಳೇ ಒಂದು ಕಡ್ಡಿ ಓರೆಯಾಗಿ ಅಂಟಿಸುತ್ತಿದ್ದಳೋ ಏನೋ.

"ಮಾರ್ಕ್ಸ್ ಹೋದ್ರೆ ನೀವು ಕೊಡ್ತೀರಾ?" ಅಂತೀರಿ. ಗೊತ್ತು, ನಾನೂ ಅದನ್ನೇ ಕೇಳಿದವನು. ಅದಕ್ಕೇ ಮೊದಲು ಬದಲಾಗಬೇಕಾದ್ದು ಮಾರ್ಕ್ಸ್ ಕೊಡುವ ರೀತಿ. ಪ್ರಾಜೆಕ್ಟನ್ನು ಕ್ಲಾಸಿನಲ್ಲೇ ಮಾಡಿಸಿ. ಮಗುವಿಗೆ ಎರಡೇ ಪ್ರಶ್ನೆ ಕೇಳಿ: ಮೊದಲು ಏನು ಕೆಟ್ಟಿತು, ಆಮೇಲೆ ಏನು ಬದಲಾಯಿಸಿದೆ? ಆ ಉತ್ತರಕ್ಕೆ ಅರ್ಧ ಮಾರ್ಕ್ಸ್ ಇಡಿ. ಅಂಗಡಿಯ ಜ್ವಾಲಾಮುಖಿ ಅಲ್ಲೇ ಫೇಲು.

ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವನು ನಾನು. ಒಬ್ಬರು ದುಡಿದದ್ದನ್ನು ಇನ್ನೊಬ್ಬರ ಖಾತೆಗೆ ಜಮಾ ಮಾಡಿದರೆ ಅಲ್ಲಿ ಕೆಲಸ ಹೋಗುತ್ತೆ. ಶಾಲೆಯಲ್ಲಿ ಅದಕ್ಕೇ ಚಪ್ಪಾಳೆ ಹೊಡೀತೀವಿ.

ಮುಂದಿನ ಸಲ ಯಾರಾದರೂ ರಾತ್ರಿ ಫೆವಿಕಾಲ್ ಕೇಳಿದರೆ ಮೊದಲು ಮಗನನ್ನು ಎಬ್ಬಿಸಿ ಅಂತ ಹೇಳೋಣ ಅಂದುಕೊಂಡಿದ್ದೇನೆ. ನೀವೇನಂತೀರಿ?