ಕಲ್ಪಿತ ಚರಿತ್ರೆಯ ಓದು ಕಾಲಹರಣವಲ್ಲ

‘ಕೋಡ್ ಗಿಯಾಸ್’ ಅಭಿಮಾನಿಗಳು ಇಲ್ಲದ ಸಾಮ್ರಾಜ್ಯದ ಚರಿತ್ರೆ ಕೆದಕುತ್ತ ಕಾಲ ಕಳೆಯುತ್ತಿದ್ದಾರೆ ಎಂಬ ಕಳೆದ ಸಂಚಿಕೆಯ ಲೇಖನ ಓದಿದೆ. ಈ ತೀರ್ಪನ್ನು ಖಂಡಿತ ಒಪ್ಪಲಾರೆ.

2006ರಲ್ಲಿ ಶುರುವಾದ ಈ ಜಪಾನಿ ಅನಿಮೆ, ಬ್ರಿಟಾನಿಯಾ ಸಾಮ್ರಾಜ್ಯದ ಹಿನ್ನೆಲೆಯನ್ನು ಒಂದೇ ಕಡೆ ಹೇಳುವುದಿಲ್ಲ. ಚದುರಿದ ಸುಳಿವುಗಳನ್ನು ಜೋಡಿಸಿದರೆ ಕಾಣುವುದಿಷ್ಟು: ವಾಷಿಂಗ್ಟನ್ನರ ಬಂಡಾಯ ಸೋತಿತು, ನೆಪೋಲಿಯನ್ ಬ್ರಿಟನ್ನಿಗೆ ನುಗ್ಗಿದ, ಅಲ್ಲಿನ ಪ್ರಭುತ್ವ ಅಮೆರಿಕಕ್ಕೆ ಓಡಿ, ಅಲ್ಲಿಂದ ಹೊಸ ಸಾಮ್ರಾಜ್ಯ ಕಟ್ಟಿತು. ಇದರ ತಿರುವು ತಿಳಿಯಲು 1781ರ ಯಾರ್ಕ್‌ಟೌನ್, 1805ರ ಟ್ರಫಾಲ್ಗರ್ ಕದನಗಳಲ್ಲಿ ನಿಜಕ್ಕೂ ಗೆದ್ದವರು ಯಾರೆಂದು ಗೊತ್ತಿರಲೇಬೇಕು. ಹಾಗಾಗಿ ಅಭಿಮಾನಿ ಚರಿತ್ರೆಯ ಪುಸ್ತಕವನ್ನೇ ಕೈಗೆತ್ತಿಕೊಳ್ಳುತ್ತಾನೆ.

ಲೇಖಕರು ಮುಟ್ಟದೇ ಬಿಟ್ಟ ಮುಖ್ಯ ಸಂಗತಿ ಇನ್ನೊಂದಿದೆ. ಕಥೆಯಲ್ಲಿ ಸೋತ ಜಪಾನ್ ಹೆಸರು ಕಳೆದುಕೊಂಡು ಬರೀ ‘ಏರಿಯಾ 11’ ಆಗುತ್ತದೆ. ನಿಜದ ಜಪಾನ್ 1910ರಲ್ಲಿ ಕೊರಿಯಾವನ್ನು ವಶಪಡಿಸಿಕೊಂಡು, 1940ರಲ್ಲಿ ಅಲ್ಲಿನ ಜನರ ಮೇಲೆ ಜಪಾನಿ ಶೈಲಿಯ ಹೆಸರುಗಳನ್ನು ಹೇರಿತ್ತು. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಬಲ್ಲವನು ವಸಾಹತುಶಾಹಿಯ ಮರ್ಮವನ್ನೇ ಹಿಡಿದಿದ್ದಾನೆ.

ಇಂಥ ಓದುಗರನ್ನು ಗೇಲಿ ಮಾಡುವುದು ಅನ್ಯಾಯ. ‘ಹೀಗಾಗದೆ ಹಾಗಾಗಿದ್ದರೆ?’ ಎಂಬ ಅವರ ಪ್ರಶ್ನೆಯನ್ನು ಚರಿತ್ರೆಯ ಮೇಷ್ಟ್ರುಗಳು ತರಗತಿಗೇ ತರಲಿ.