ಗಣಕದ ಕಾವಲಿಗೆ ಯಾವ ಓದು?

ಪ್ರೌಢಶಾಲೆಯ ಓದು ಮುಗಿಯುವ ಹೊತ್ತಿಗೆ ‘ಮುಂದೇನು?’ ಎಂಬ ಪ್ರಶ್ನೆ ಮನೆಮನೆಯಲ್ಲೂ ಏಳುತ್ತದೆ. ಹಿಂದೆ ಅದಕ್ಕೆ ವೈದ್ಯ, ಇಂಜಿನಿಯರ್, ವಕೀಲ, ಉಪಾಧ್ಯಾಯ ಎಂಬ ನಾಲ್ಕಾರು ಸಿದ್ಧ ಉತ್ತರಗಳಿದ್ದವು. ಈಗ ಆ ಸಾಲಿಗೆ ಸೈಬರ್ ಭದ್ರತೆ ಎಂಬ ಉದ್ಯೋಗವೂ ಸೇರಿದೆ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ವಿದ್ಯುತ್ತಿನ ವಿತರಣೆ ಇವೆಲ್ಲ ಗಣಕಗಳ ವಶವಾಗಿರುವಾಗ ಅವಕ್ಕೆ ಕಾವಲುಗಾರರು ಬೇಕಾದುದು ಸಹಜವೇ. ಬೇಡಿಕೆಯಿದ್ದಲ್ಲಿ ಅಂಗಡಿ ತೆರೆಯುವುದೂ ಸಹಜ. ಸೈಬರ್ ಭದ್ರತೆಯೆಂಬ ಹೆಸರನ್ನೇ ಹೊತ್ತ ಪದವಿಗಳನ್ನು ಅನೇಕ ಕಾಲೇಜುಗಳು ಈಗ ತೆರೆದಿವೆ. ಜಮೀನನ್ನು ಅಡವಿಟ್ಟಾದರೂ ಮಕ್ಕಳನ್ನು ಅಲ್ಲಿಗೆ ಸೇರಿಸಬೇಕೆಂದು ಹಂಬಲಿಸುವ ತಂದೆತಾಯಿಗಳೂ ಇದ್ದಾರೆ. ಪದವಿಯನ್ನು ಆರಿಸಬೇಕಾದುದು ಅದರ ಹೆಸರನ್ನು ನೋಡಿ ಅಲ್ಲ, ಒಳಗಿನ ಪಾಠಗಳನ್ನು ನೋಡಿ ಎಂಬುದು ನನ್ನ ಅಭಿಪ್ರಾಯ. ಗಣಿತವೂ ಗಣಕದ ಮೂಲಶಾಸ್ತ್ರವೂ ಆ ಪಾಠಗಳಲ್ಲಿ ಇಲ್ಲವಾದರೆ ಅದಕ್ಕಾಗಿ ಸಾಲ ಮಾಡುವುದು ತರವಲ್ಲ.

1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಒಂದು ಪ್ರಸಂಗ ನಡೆಯಿತು. ಅಲ್ಲಿ ಗಣಕವನ್ನು ಬಳಸಿದವರು ಬಳಸಿದ ಕಾಲಕ್ಕೆ ತಕ್ಕಂತೆ ಶುಲ್ಕ ತೆರಬೇಕಾಗಿತ್ತು. ಒಮ್ಮೆ ಆ ಲೆಕ್ಕದಲ್ಲಿ 75 ಸೆಂಟುಗಳು ತಾಳೆಯಾಗಲಿಲ್ಲ. ಕಾರಣವನ್ನು ಹುಡುಕುವ ಕೆಲಸ ಕ್ಲಿಫರ್ಡ್ ಸ್ಟಾಲ್ ಎಂಬಾತನ ಪಾಲಿಗೆ ಬಂತು. ಆತ ಖಗೋಳಶಾಸ್ತ್ರಜ್ಞ, ಸಂಶೋಧನೆಯ ಹಣ ಮುಗಿದುದರಿಂದ ಗಣಕ ವಿಭಾಗಕ್ಕೆ ಬಂದವನು. ಮುಕ್ಕಾಲು ಡಾಲರಿನ ಗೊಡವೆ ಯಾರಿಗೆ ಬೇಕೆಂದು ಬೇರೊಬ್ಬರಾಗಿದ್ದರೆ ಕೈಬಿಡುತ್ತಿದ್ದರು. ಆತ ಬಿಡಲಿಲ್ಲ. ಅಪರಿಚಿತನೊಬ್ಬನು ಗಣಕದೊಳಗೆ ಹೊಕ್ಕಿರುವುದನ್ನು ಕಂಡುಹಿಡಿದು, ಅವನು ಕೊಟ್ಟ ಒಂದೊಂದು ಆಜ್ಞೆಯನ್ನೂ ಮುದ್ರಿಸಿಕೊಂಡು, ತಾನು ಕಂಡುದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟನು. ಸಂದೇಶಕ್ಕೆ ಮರುತ್ತರ ಬರಲು ಹಿಡಿಯುವ ಕಾಲವನ್ನು ಅಳೆದು, ಕಳ್ಳನಿರುವುದು ಸಾವಿರಾರು ಮೈಲಿ ಆಚೆಗೆ ಎಂದು ಅಂದಾಜು ಮಾಡಿದನು. ಕೊನೆಗೆ ಆ ಕಳ್ಳ ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರದಲ್ಲಿ ಸಿಕ್ಕಿದನು. ಕದ್ದ ಮಾಹಿತಿ ಸೋವಿಯತ್ ಗೂಢಚಾರರಿಗೆ ಮಾರಾಟವಾಗುತ್ತಿದ್ದುದೂ ಬಯಲಾಯಿತು. ಸ್ಟಾಲ್ ಓದಿದ್ದು ಗ್ರಹಗಳ ವಿಷಯವನ್ನು. ಅಳೆಯುವುದು, ಗುರುತು ಹಾಕಿಡುವುದು, ತಾಳೆಯಾಗದ ಅಂಕಿಯನ್ನು ಅಲಕ್ಷಿಸದಿರುವುದು ಇವು ಆ ಓದಿನಿಂದಲೇ ಅವನಿಗೆ ದಕ್ಕಿದ್ದವು.

ಹಾಗೆಂದು ಯಾವ ಪದವಿಯಾದರೂ ಆದೀತೆಂದು ಹೇಳಲಾಗದು. ಬೀಗವನ್ನು ಕಾಯುವವನಿಗೆ ಬೀಗದ ಒಳರಚನೆ ತಿಳಿದಿರಬೇಕು. 1988ರ ನವೆಂಬರಿನಲ್ಲಿ ಅಮೆರಿಕದ ಗಣಕಜಾಲದಲ್ಲಿ ‘ಮಾರಿಸ್ ಹುಳು’ ಎಂಬ ಕ್ರಮವಿಧಿ ಹರಡಿ ಸಾವಿರಾರು ಯಂತ್ರಗಳನ್ನು ಕುಂಠಿತಗೊಳಿಸಿತು. ಅದರ ಉಪಾಯಗಳಲ್ಲಿ ಒಂದು ಬಹಳ ಸರಳವಾದುದು: 512 ಅಕ್ಷರಗಳಿಗೆ ಮಾತ್ರ ಸ್ಥಳವಿದ್ದ ಕಡೆ 536 ಅಕ್ಷರಗಳನ್ನು ಕಳುಹಿಸುವುದು. ಪಾವಿನಲ್ಲಿ ಸೇರಕ್ಕಿ ಸುರಿದರೆ ಹೆಚ್ಚಿನದು ನೆಲಕ್ಕೆ ಚೆಲ್ಲುತ್ತದೆ. ಗಣಕದಲ್ಲಿ ಹಾಗೆ ಚೆಲ್ಲಿದ್ದು ಪಕ್ಕದ ಸ್ಮೃತಿಕೋಶವನ್ನು ಆಕ್ರಮಿಸಿ ಯಂತ್ರಕ್ಕೇ ಆಜ್ಞೆ ಕೊಡುತ್ತದೆ. ಈ ಜಾತಿಯ ದೋಷಗಳು ಇಂದಿಗೂ ಪತ್ತೆಯಾಗುತ್ತಲೇ ಇವೆ. ಅಂದಿನ ಸಲಕರಣೆಗಳು ಮಾತ್ರ ಮೂಲೆ ಸೇರಿವೆ. ಸಲಕರಣೆಗಳ ಬಳಕೆಯನ್ನಷ್ಟೇ ಕಲಿಸುವ ಪದವಿಗೆ ಆಯುಸ್ಸು ಕಡಿಮೆಯೆಂದು ನಾನು ಹೇಳುವುದು ಇದರಿಂದಲೇ.

ಗಣಿತದ ಮಾತು ಇನ್ನೂ ಮುಖ್ಯವಾದುದು. ನಮ್ಮ ರಾಮಾನುಜನ್ನರನ್ನು ಕೇಂಬ್ರಿಡ್ಜಿಗೆ ಕರೆಸಿಕೊಂಡ ಜಿ. ಎಚ್. ಹಾರ್ಡಿಯವರು, ಸಂಖ್ಯಾಸಿದ್ಧಾಂತದಿಂದ ಯುದ್ಧಕ್ಕೆ ಪ್ರಯೋಜನವನ್ನು ಯಾರೂ ಕಂಡಿಲ್ಲವೆಂದು 1940ರಲ್ಲಿ ಬರೆದಿದ್ದರು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಆ ಸಿದ್ಧಾಂತದಿಂದಲೇ ಗುಪ್ತಲಿಪಿಯೊಂದನ್ನು ರೂಪಿಸಿದರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಮತ್ತೆ ಬಿಡಿಸುವುದು ಬಹು ಕಷ್ಟ, ಗುಟ್ಟು ಇಷ್ಟೇ. ಕ್ವಾಂಟಂ ಗಣಕವು ಈ ಬೀಗವನ್ನೂ ಮುರಿಯಬಲ್ಲದೆಂದು ಪೀಟರ್ ಶೋರ್ 1994ರಲ್ಲಿ ತೋರಿಸಿದುದರಿಂದ, ಹೊಸ ಬೀಗಗಳ ಮಾನಕಗಳನ್ನು ಅಮೆರಿಕ 2024ರಲ್ಲಿ ಪ್ರಕಟಿಸಿತು. ಅವುಗಳ ಆಧಾರವೂ ಗಣಿತವೇ. ಗಣಿತಕ್ಕೆ ಹೆದರಿ ಈ ದಾರಿಗೆ ಬರುವುದು ನೀರಿಗೆ ಹೆದರಿ ಅಂಬಿಗನಾಗಲು ಹೊರಟಂತೆ.

ಭಾಷೆಯನ್ನೂ ಹಗುರವಾಗಿ ಎಣಿಸಬಾರದು. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಗಣಕಗಳನ್ನು ಹೊಕ್ಕ ಕಳ್ಳರು 8.1 ಕೋಟಿ ಡಾಲರುಗಳನ್ನು ಫಿಲಿಪೈನ್ಸಿಗೆ ಸಾಗಿಸಿದರು. ಶ್ರೀಲಂಕಾಕ್ಕೆ ಹೊರಟಿದ್ದ ಇನ್ನೂ 2 ಕೋಟಿ ಡಾಲರುಗಳು ತಡೆಯಲ್ಪಟ್ಟದ್ದು ‘ಫೌಂಡೇಷನ್’ ಎಂಬ ಪದದ ಕಾಗುಣಿತ ತಪ್ಪಿದ್ದುದು ನಡುವಣ ಬ್ಯಾಂಕೊಂದರ ಕಣ್ಣಿಗೆ ಬಿದ್ದುದರಿಂದ!

ಹಾಗಾದರೆ ಯಾವುದನ್ನು ಓದಬೇಕು? ಅನುಕೂಲವಿದ್ದವರು ಗಣಕವಿಜ್ಞಾನದ ಇಂಜಿನಿಯರಿಂಗ್ ಪದವಿಯನ್ನು ಓದಲಿ. ಇಲ್ಲದವರು ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಗಣಿತ, ಗಣಕವಿಜ್ಞಾನಗಳೊಡನೆ ಬಿ.ಎಸ್‌ಸಿ. ಓದಿದರೆ ಅದು ಕೀಳೇನೂ ಅಲ್ಲ; ವಿಶೇಷ ಅಧ್ಯಯನವನ್ನು ಅನಂತರ ಮಾಡಬಹುದು. ಕೆಲವು ತಿಂಗಳ ಪ್ರಮಾಣಪತ್ರಗಳು ಪದವಿಯ ಮೇಲೆ ಹೊದಿಸಿದ ಹೆಂಚಾಗಬಲ್ಲವೇ ಹೊರತು ಗೋಡೆಯಾಗಲಾರವು. ‘ಸೈಬರ್ ಭದ್ರತೆ’ಯೆಂಬ ಹೆಸರಿನ ಪದವಿಯಲ್ಲಿಯೂ ಗಟ್ಟಿಯಾದುದು ಇರಬಹುದು. ಅದನ್ನು ತಿಳಿಯಲು ಪ್ರವೇಶದ ಹಣ ಕಟ್ಟುವ ಮೊದಲು ಮೂರು ನಾಲ್ಕು ವರ್ಷಗಳ ಪಠ್ಯಕ್ರಮದ ಪ್ರತಿಯನ್ನು ಕೇಳಿ ಪಡೆದು, ಊರಿನ ಗಣಿತದ ಉಪಾಧ್ಯಾಯರ ಎದುರಿಗೆ ಹರವಿ ಕುಳಿತುಕೊಳ್ಳಬೇಕು. ಕಾಲೇಜಿನ ಕಟ್ಟಡವನ್ನು ನೋಡುವುದು ಆಮೇಲಾದರೂ ಆದೀತು.