ಅಜ್ಜನಿಗೆ ದಂತಭಾಗ್ಯ, ಮೊಮ್ಮಗಳಿಗೆ ಘಟ್ಟದ ದಾರಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಹಾಗೂ ಚಿಕ್ಕಮಗಳೂರು ಜಿಲ್ಲೆಯ ಶಾಸಕರಿಗೆ, ಕಳಸ ಸೀಮೆಯ ಸಣ್ಣ ಕಾಫಿ ಬೆಳೆಗಾರನೊಬ್ಬನ ನಮಸ್ಕಾರಗಳು.

ನಾಲ್ಕು ವರ್ಷದ ಮಗುವಿನ ಮುಂದಿನ ಹಲ್ಲಿಗೆ ಹಾಕಿಸಿದ ಕ್ಯಾಪ್ ಒಡೆದರೆ ಮಲೆನಾಡಿನವರು ಎಲ್ಲಿಗೆ ಹೋಗಬೇಕು? ನಾನು ಕೇಳುವುದು ಇಷ್ಟೇ. ಚಿಕ್ಕ ವಿಷಯವೆಂದು ನಗಬೇಡಿ. ನಮಗೆ ಸಿಗುವ ಉತ್ತರ ಎರಡೇ: "ಮಂಗಳೂರಿಗೆ ಕರ್ಕೊಂಡು ಹೋಗಿ" ಅಥವಾ "ಹಾಲುಹಲ್ಲು ತಾನೆ, ಹೇಗೂ ಬೀಳುತ್ತೆ ಬಿಡಿ."

ನನ್ನ ಮೊಮ್ಮಗಳ ಮೇಲಿನ ನಾಲ್ಕು ಹಲ್ಲು ಹುಳುಕು ಹಿಡಿದಿದ್ದವು. ಮಗ, ಸೊಸೆ ಘಟ್ಟ ಇಳಿದು ಕ್ಯಾಪ್ ಹಾಕಿಸಿಕೊಂಡು ಬಂದರು. ಹುಳುಕು ಕೆರೆದು, ಹಲ್ಲಿನ ಆಕಾರದ ತೆಳು ಪ್ಲಾಸ್ಟಿಕ್ ಅಚ್ಚಿನಲ್ಲಿ ಕಾಂಪೋಸಿಟ್ ಎಂಬ ಫಿಲ್ಲಿಂಗ್ ಸಾಮಾನು ತುಂಬಿ ಕೂರಿಸುತ್ತಾರೆ. ನೀಲಿ ಲೈಟ್ ಹಿಡಿದು ಗಟ್ಟಿ ಮಾಡಿ ಅಚ್ಚನ್ನು ಸುಲಿದು ತೆಗೆಯುತ್ತಾರೆ. ನೋಡಲು ಹುಟ್ಟಿದ ಹಲ್ಲೇ, ಆದರೆ ಅಂಚು ನಾಜೂಕು. ಹಿತ್ತಿಲ ಪೇರಳೆಕಾಯಿ ಕಚ್ಚಿದ್ದೇ ತಡ, ಒಂದು ಹಲ್ಲಿನ ಮೂಲೆ ಹಾರಿತು. ನುಚ್ಚಕ್ಕಿಯಷ್ಟು ಚೂರು. ಡಾಕ್ಟರು ಅಂಟಿಸಿಯಾರೆಂದು ನನ್ನ ಹೆಂಡತಿ ಅದನ್ನು ತೊಳೆದು ಪೊಟ್ಟಣ ಕಟ್ಟಿಟ್ಟಳು. ಒಡೆದ ಅಂಚಿಗೆ ನಾಲಗೆ ಸವರಿ ಸವರಿ ಮಗುವಿನ ನಾಲಗೆ ತುದಿ ಕೆಂಪಾಗಿತ್ತು.

ನಾವು ಹೋದ ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲಿನ ಕುರ್ಚಿಯಿದೆ, ಲೈಟಿದೆ, ದೊಡ್ಡವರ ಹಲ್ಲಿಗೆ ಫಿಲ್ಲಿಂಗ್ ಮಾಡುವುದೂ ಇದೆ. "ಮಕ್ಕಳದ್ದು ಇಲ್ಲಿ ಮಾಡಲ್ಲ, ನೋವಿದ್ದರೆ ಕಿತ್ತುಕೊಡಬಹುದು" ಎಂದರು. ಅಲ್ಲಿನವರ ಮೇಲೆ ನನಗೆ ಸಿಟ್ಟಿಲ್ಲ. ಹೊರಗೆ ಬೆಂಚಿನ ತುಂಬ ಜನ, ಒಳಗೆ ಒಬ್ಬರೇ ವೈದ್ಯರು. ಅಳುವ ಮಗುವನ್ನು ಸಮಾಧಾನ ಮಾಡುತ್ತ ಕೂರಲು ಅವರಿಗೆ ಹೊತ್ತಾದರೂ ಎಲ್ಲಿ?

ಆಮೇಲೆ ಮಂಗಳೂರಿನಲ್ಲಿ ರಿಪೇರಿ ಮಾಡುವಾಗ ನಾನೇ ಪಕ್ಕದಲ್ಲಿ ನಿಂತಿದ್ದೆ. ನಾವು ಒಯ್ದ ಚೂರನ್ನು ನೋಡಿ ಆ ವೈದ್ಯೆ ನಕ್ಕರು. ಅದು ಕೆಲಸಕ್ಕೆ ಬಾರದು. ಒಡೆದ ಅಂಚನ್ನು ಸ್ವಲ್ಪ ಉಜ್ಜಿ ತರಿ ಮಾಡಿ, ಆಸಿಡ್ ಜೆಲ್ ಹಚ್ಚಿ ತೊಳೆದು, ಒಣಗಿಸಿ, ಅಂಟು ಸವರಿ, ಹೊಸ ಕಾಂಪೋಸಿಟ್ ಇಟ್ಟು ಲೈಟ್ ಹಿಡಿದರು. ಎಂಜಲಾಗಲಿ ರಕ್ತವಾಗಲಿ ತಾಗಿದರೆ ಹಿಡಿಯುವುದಿಲ್ಲವಂತೆ, ಅದಕ್ಕೇ ಹತ್ತಿ ಒತ್ತಿ ಒತ್ತಿ ಇಡುತ್ತಿದ್ದರು. ಕೊನೆಗೆ ಪಾಲಿಷ್. ನಾವು ಬಸ್ಸಿನಲ್ಲಿ ಕಳೆದ ಹೊತ್ತಿನ ಮುಂದೆ ಈ ಕೆಲಸಕ್ಕೆ ಹಿಡಿದ ಹೊತ್ತು ಏನೂ ಅಲ್ಲ. ಬಳಸಿದ ಸಾಮಾನೆಲ್ಲ ದೊಡ್ಡವರ ಫಿಲ್ಲಿಂಗಿಗೆ ಬಳಸುವಂಥದ್ದೇ.

ಎಲ್ಲ ಕ್ಯಾಪೂ ಹೀಗೆ ರಿಪೇರಿಯಾಗುವುದಿಲ್ಲ, ನಿಜ. ಜಿರ್ಕೋನಿಯಾ ಒಡೆದರೆ ತೆಗೆದು ಬೇರೆಯದನ್ನೇ ಹಾಕಬೇಕು. ಸ್ಟೀಲಿನದು ಹಾಗೇ ಕಳಚಿ ಬಂದಿದ್ದರೆ ಸಿಮೆಂಟ್ ಹಚ್ಚಿ ಕೂರಿಸಬಹುದು. ಒಸಡಿನಲ್ಲಿ ಕೀವಾಗಿದ್ದರೆ, ಅಥವಾ ಮಗುವಿಗೆ ಅರಿವಳಿಕೆ ಕೊಡಬೇಕಾಗಿ ಬಂದರೆ ದೊಡ್ಡ ಆಸ್ಪತ್ರೆಗೇ ಹೋಗಬೇಕು, ಒಪ್ಪುತ್ತೇನೆ. ಮೂಲೆ ಹಾರಿದ್ದಕ್ಕೂ ಘಟ್ಟ ಇಳಿಯಬೇಕೆ?

ಆ ಘಟ್ಟವಾದರೂ ಎಂಥದ್ದು! ಮೂಡಿಗೆರೆಯವರಿಗೆ ಕೊಟ್ಟಿಗೆಹಾರ, ಚಾರ್ಮಾಡಿ. ನಮಗೆ ಕುದುರೆಮುಖದ ಮೇಲೆ ಕಾರ್ಕಳದ ದಾರಿ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ರಸ್ತೆ ಬಂದಾದದ್ದು ತಮಗೆ ನೆನಪಿರಬಹುದು. ಭದ್ರೆ ತುಂಬಿ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡಿನ ಕಡೆಯವರು ಕಳಸಕ್ಕೆ ಬರಲೂ ಸುತ್ತು ಹಾಕಬೇಕು.

"ಬೀಳುವ ಹಲ್ಲು" ಎನ್ನುವ ಮಾತಿಗೆ ಬರುತ್ತೇನೆ. ಮುಂದಿನ ಹಾಲುಹಲ್ಲು ಬೀಳುವುದು ಆರರಿಂದ ಎಂಟು ವರ್ಷದೊಳಗೆ. ನಾಲ್ಕರ ಮಗು ಅಲ್ಲಿಯವರೆಗೆ ಮೊಂಡು ಹಲ್ಲಿನಲ್ಲೇ ಕಚ್ಚಬೇಕು, ಮಾತಾಡಬೇಕು, ಅಂಗನವಾಡಿಯಲ್ಲಿ ನಗಬೇಕು. ಒಡೆದ ಕಡೆಯಿಂದ ಮತ್ತೆ ಹುಳುಕು ಹತ್ತಿ ಬೇರಿಗಿಳಿದರೆ ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಪೆಟ್ಟು.

ನಮ್ಮದಾದರೂ ಹೇಗೋ ನಡೆಯಿತು. ತೋಟದ ಕೂಲಿಯವರ ಲೈನ್‌ಮನೆಯ ಮಕ್ಕಳ ಗತಿ? ಹಣ್ಣು ಕೊಯ್ಲಿನ ದಿನಗಳಲ್ಲಿ ತಾಯಿ ಗಿಡದಿಂದ ಗಿಡಕ್ಕೆ ಹೋಗುತ್ತಿರುತ್ತಾಳೆ, ನೆರಳು ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಗು ಸಕ್ಕರೆ ಹಾಕಿದ ಹಾಲಿನ ಬಾಟಲಿ ಚೀಪುತ್ತ ನಿದ್ದೆ ಹೋಗುತ್ತದೆ. ಆ ಸಿಹಿ ಬಾಯಲ್ಲೇ ನಿಂತು ಮೇಲಿನ ಮುಂದಿನ ಹಲ್ಲುಗಳನ್ನು ಮೊದಲು ತಿನ್ನುತ್ತದೆ. ಕೆಳಗಿನವನ್ನು ನಾಲಗೆ, ಎಂಜಲು ಕಾಯುತ್ತವೆ. ತಾಯಿಯನ್ನು ಬೈದು ಏನು ಬಂತು? ಹೆಂಗಸರು ಹೆಚ್ಚಿರುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ನಾವು ಬೆಳೆಗಾರರು ಅದನ್ನು ಎಷ್ಟರಮಟ್ಟಿಗೆ ನಡೆಸಿದೆವು ಎನ್ನುವುದು ಇನ್ನೊಂದು ಪತ್ರದ ಮಾತು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ತಪಾಸಣೆ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ ಬರಬೇಕು, ಹಲ್ಲನ್ನೂ ನೋಡಬೇಕು. "ದಂತವೈದ್ಯರಿಗೆ ತೋರಿಸಿ" ಎಂದು ಚೀಟಿ ಬರೆದುಕೊಟ್ಟಮೇಲೆ ಆ ಚೀಟಿಗೊಂದು ಕುರ್ಚಿಯೂ ಇರಬೇಕಲ್ಲವೆ? ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ಇದೇ ರಾಜ್ಯ ದಂತಭಾಗ್ಯ ಯೋಜನೆ ತಂದಿತು, ಸಂತೋಷ. ಅದೇ ಮನೆಯ ಮಗುವಿಗೂ ಅದರಲ್ಲಿ ಜಾಗ ಮಾಡಿಕೊಡಿ.

ಹೊಸ ಕಟ್ಟಡ ಕೇಳುತ್ತಿಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ ತಾಲ್ಲೂಕು ಆಸ್ಪತ್ರೆಗಳ ದಂತವೈದ್ಯರಿಗೆ ಮಕ್ಕಳ ಕ್ಯಾಪಿನ ರಿಪೇರಿಯನ್ನು ಕಲಿಸಿ ಕಳಿಸಿ. ಮಂಗಳೂರು, ಶಿವಮೊಗ್ಗ, ಹಾಸನಗಳಲ್ಲಿ ಖಾಸಗಿ ದಂತ ಕಾಲೇಜುಗಳಿವೆ. ಅಲ್ಲಿಂದ ಮಕ್ಕಳ ದಂತವೈದ್ಯರೊಬ್ಬರು ತಿಂಗಳಿಗೊಂದು ದಿನ ಕಳಸಕ್ಕೆ, ಒಂದು ದಿನ ಮೂಡಿಗೆರೆಗೆ ಬರುವಂತೆ ಒಪ್ಪಂದ ಮಾಡಿಕೊಳ್ಳಿ. ನಾನು ಕಂಡ ಶಿಬಿರಗಳಲ್ಲಿ ಹಲ್ಲು ಕಿತ್ತಷ್ಟು ಉಳಿಸಿದ್ದು ಕಾಣೆ, ಹಾಗಾಗಿ ಶಿಬಿರ ಬೇಡ, ಗೊತ್ತಾದ ದಿನ ಬೇಕು. ಆ ದಿನ ಸಂತೆಯ ದಿನವೇ ಆಗಲಿ. ಬಟವಾಡೆಯಾಗಿ ಲೈನಿನವರೆಲ್ಲ ಪೇಟೆಗೆ ಬರುವುದು ಆವತ್ತು. ಮಗುವನ್ನು ಕುರ್ಚಿಯಲ್ಲಿ ಕೂರಿಸಲು ಯಾರೂ ಒಂದು ದಿನದ ಕೂಲಿ ಬಿಡಬೇಕಾಗುವುದಿಲ್ಲ.

ಇಂತಿ,
ಕಳಸ ತಾಲ್ಲೂಕಿನ ಒಬ್ಬ ಬೆಳೆಗಾರ